ಲೈಸೆನ್ಸಿಗೆ ಹೊರಟ ದಿನ ಗಾಡಿ ಕಾದದ್ದು

ತೊಂಬತ್ತರ ದಶಕದ ಶುರುವಿನ ಮಾತು. ನಮ್ಮಪ್ಪ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ನಮ್ಮ ಹಳೆಯ ಕಾರಿನಲ್ಲಿ ಕೂತವರು ಸೀನದೆ ಇಳಿದದ್ದಿಲ್ಲ, ಅಷ್ಟು ಘಾಟು. ಕಾಕಾನನ್ನು ಕಾಡಿ ಬೇಡಿ ಆ ಕಾರು ಓಡಿಸುವುದನ್ನು ಕಲಿತಿದ್ದೆ. ಮಗಳು ಗಾಡಿ ಓಡಿಸುವುದು ಅಪ್ಪನಿಗೆ ಸೇರಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗಿತ್ತು ನಮ್ಮಿಬ್ಬರದು. ಕಡೆಗೆ, "ಒಂದ ಸಲ ನೋಡ. ಪಾಸಾದ್ರ ಓಡಸು, ಇಲ್ಲಂದ್ರ ಮತ್ತ ಸ್ಟೇರಿಂಗ್ ಮುಟ್ಟಬ್ಯಾಡ" ಅಂದ.

ಲೈಸೆನ್ಸ್ ಕೊಡುವ ಸಾಹೇಬರು ತಿಂಗಳಿಗೊಮ್ಮೆ ಹಾವೇರಿಗೆ ಬಂದು ಮಧ್ಯಾಹ್ನಕ್ಕೆ ಹೊರಟುಬಿಡುತ್ತಿದ್ದರು. ಆ ದಿನ ನಾನು ಸ್ಟೇರಿಂಗ್ ಹಿಡಿದೆ, ಅಪ್ಪ ಪಕ್ಕದಲ್ಲಿ ಕೂತ. ಮೋಟೆಬೆನ್ನೂರು ದಾಟುವಷ್ಟರಲ್ಲಿ ಶಾಖದ ಮುಳ್ಳು ಮೇಲೇರಿ, ಬಾನೆಟ್ಟಿನ ಸಂದಿಯಿಂದ ಹಬೆ ಬಂತು.

ಬೇವಿನ ಮರದ ನೆರಳಿಗೆ ನಿಲ್ಲಿಸಿದೆ. ಆರಿದ ಮೇಲೆ ಅಪ್ಪ ಅರಿವೆ ಹಿಡಿದು ರೇಡಿಯೇಟರಿನ ಮುಚ್ಚಳ ತಿರುವಿ, ಕುದ್ದು ಹೋದಷ್ಟು ನೀರು ತುಂಬಿದ. ಫ್ಯಾನ್ ಬೆಲ್ಟ್ ಒತ್ತಿ ನೋಡಿದ, ಬಿಗಿಯಾಗಿತ್ತು. ರಬ್ಬರ್ ಪೈಪು ಸವರಿದ, ಎಲ್ಲೂ ಸೋರಿಕೆ ಇಲ್ಲ. ಮತ್ತೆ ಹೊರಟೆವು. ಸ್ವಲ್ಪ ದೂರ ಹೋಗಿರಲಿಲ್ಲ, ಮುಳ್ಳು ಮತ್ತೆ ಏರತೊಡಗಿತು.

ಈ ಸಲ ಎಂಜಿನ್ನಿಗಿಂತ ಮೊದಲು ನಾನೇ ಕಾದಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ, ಈಗಲೂ.

"ಅಪ್ಪಾ, ಖರೇ ಹೇಳು. ನಾ ಪಾಸಾಗಬಾರ್ದಂತ ನೀನ ಏನರ ಮಾಡೀ ಏನು?"

ಅಪ್ಪ ಬಯ್ಯಲಿಲ್ಲ. ಏನೋ ನೆನಪಾಗಿ ಅವನ ಮುಖ ಸಣ್ಣದಾಯಿತು. "ಹೌದವ್ವ, ನಾನ ಮಾಡೇನಿ" ಅಂದ. ಬಾನೆಟ್ ಎತ್ತಿ, ಮುಂದಿನ ಜಾಲರಿಯ ಹಿಂದೆ ಕೈ ಹಾಕಿ, ರೇಡಿಯೇಟರಿಗೆ ಅಡ್ಡ ಕಟ್ಟಿದ್ದ ಗೋಣಿಚೀಲವೊಂದನ್ನು ಬಿಚ್ಚಿ ಎಳೆದ.

ಪೇಟೆಯಲ್ಲಿ ಗಾಡಿ ನಿಂತಾಗ ಮೆಣಸಿನ ಧೂಳು, ಬೀಜ ಒಳಗೆ ಸೇರಬಾರದೆಂದು ಅಪ್ಪ ಹಾಗೆ ಚೀಲ ಕಟ್ಟುತ್ತಿದ್ದ. ಹೊರಡುವಾಗ ಬಿಚ್ಚಲೇಬೇಕು, ಇಲ್ಲದಿದ್ದರೆ ರೇಡಿಯೇಟರಿಗೆ ಗಾಳಿ ತಾಗುವುದಿಲ್ಲ. ಅಪ್ಪ ಅದನ್ನು ತಪ್ಪಿಸಿದವನಲ್ಲ.

"ಇವತ್ತ ಯಾಕ ಬಿಚ್ಚಲಿಲ್ಲ?"

"ಪ್ಯಾಟಿ ದಾಟೂತನಕ ಇರ್ಲಿ ಅಂತ ಬಿಟ್ಟಿದ್ದೆ. ಘಾಟಿಗೆ ಸಾಹೇಬ್ರು ಸೀನಿ, ಸಿಟ್ಟಾಗಿ, ನಿನ್ನ ಫೇಲ್ ಮಾಡಿದ್ರ? ಆಮ್ಯಾಲ ನೀ ಓಡ್ಸೂದು ನೋಡ್ಕೋತ ಕುಂತೆ. ಚೀಲ ಮರತ ಹೋತು."

ಚೀಲ ತೊಳೆದು ಒಣಗಿಸಿದ್ದಾಗಿತ್ತು. ಕಟ್ಟಿದ ಸುತಳಿ ಹೊಸದು. ನನ್ನ ಸಿಟ್ಟೆಲ್ಲ ಇಳಿಯಿತು. ಅಪ್ಪ ನನ್ನ ಕಡೆಗೇ ಇದ್ದ. ಅಷ್ಟು ತಿಳಿದದ್ದಕ್ಕೇ ಲೈಸೆನ್ಸ್ ಸಿಕ್ಕಷ್ಟು ಸಂತೋಷವಾಯಿತು.

ಎಂಜಿನ್ ತಣ್ಣಗಾದ ಮೇಲೆ ಹೊರಟು ಹಾವೇರಿ ಮುಟ್ಟಿದಾಗ ಸಾಹೇಬರು ಏಳುವ ತಯಾರಿಯಲ್ಲಿದ್ದರು. ಗಾಡಿ ಮುಂದೆ ಹಿಂದೆ ಓಡಿಸಿ ತೋರಿಸಿದೆ. ಅವರು ಬಾನೆಟ್ ತೆಗೆಸಿ ಬಗ್ಗಿದರು, ಜೋರಾಗಿ ಸೀನಿದರು.

"ಬ್ಯಾಡಗಿ ಗಾಡಿ ಏನವಾ? ಎಂಜಿನ್ ಯಾಕ ಕಾಯ್ತೈತಿ, ಹೇಳು ನೋಡೂಣು."

"ನೀರು ಕಡಿಮಿ ಆದ್ರ, ಬೆಲ್ಟ್ ಸಡ್ಲಾದ್ರ, ಪೈಪ್ ಸೋರಿದ್ರ, ಗಾಳಿ ಆಡದಿದ್ರ ರೀ."

"ಗಾಳಿ ಯಾಕ ಆಡಂಗಿಲ್ಲ?"

ಅಪ್ಪನ ಕಡೆ ನೋಡಿದೆ. ಚೀಲವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ನಿಂತಿದ್ದ.

"ಅಪ್ಪನ ಕಾಳಜಿ ಹೆಚ್ಚಾದ್ರ ರೀ" ಅಂದೆ.

ಸಾಹೇಬರು ನಕ್ಕು ಸಹಿ ಮಾಡಿದರು. ಮರಳುವಾಗ ಅಪ್ಪ ನನ್ನ ಪಕ್ಕದಲ್ಲಿ ಕೂರಲಿಲ್ಲ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತ. ಮೋಟೆಬೆನ್ನೂರು ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ.