ಐದಡಿ ಎತ್ತರದ ಫಲಕಗಳು

ಹಿಮ ಅಂದರೆ ರಘೋತ್ತಮನಿಗೆ ಗೊತ್ತಿದ್ದದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಳ್ಳುವ ಬಿಳಿ ಪದರ ಮಾತ್ರ. ತಿಂಗಳಿಗೊಮ್ಮೆ ಹೆಂಡತಿ ಜಲಜಾ ಅದನ್ನು ಕೆರೆಯುತ್ತಿದ್ದಳು, ಇವನು ಬಕೆಟ್ಟು ಹಿಡಿದು ನಿಲ್ಲುತ್ತಿದ್ದ. ಇಂಥ ಪುಣ್ಯಾತ್ಮನ ಕೈಗೆ ಯಾರಾದರೂ ಹನ್ನೊಂದು ಮೈಲಿ ಹಿಮದ ದಾರಿ ಹಾಕುವ ಕೆಲಸ ಕೊಡುತ್ತಾರೆಯೇ? ಕೊಟ್ಟರು ನೋಡಿ, ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ!

ಹಾಗಂತ ಅವನೇನು ದಡ್ಡನಲ್ಲ. ಹಾಸನದ ಲೋಕೋಪಯೋಗಿ ಇಲಾಖೆಯಲ್ಲಿ ಹನ್ನೆರಡು ವರ್ಷ ರಸ್ತೆ ಅಳೆದ ಎಂಜಿನಿಯರು. ಜಲಜಾಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ ಇಬ್ಬರೂ ಅಮೆರಿಕದ ಯೂನಿಯನ್ ಸಿಟಿಗೆ ಬಂದ ಮೇಲೆ ಅವನ ಡಿಗ್ರಿಯನ್ನು ಯಾರೂ ಮೂಸಿ ನೋಡಲಿಲ್ಲ. ಕೊನೆಗೆ ಬೆಂಗಳೂರಿನ ಶೇಷಾದ್ರಿ ಎಂಬುವವರು ಫ್ರೀಮಾಂಟಿನಲ್ಲಿ ನಡೆಸುತ್ತಿದ್ದ ಸಣ್ಣ ಎಂಜಿನಿಯರಿಂಗ್ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿಕೊಂಡ. ಎಂಟು ವರ್ಷ ಬೇರೆಯವರು ಯೋಚಿಸಿದ ಗೆರೆಗಳ ಮೇಲೆ ಪೆನ್ನು ಎಳೆದ. ಮಾತಾಡಲಿಲ್ಲ, ಗೊಣಗಲಿಲ್ಲ. ಆದರೆ ಫ್ರೀವೇಯಲ್ಲಿ ಹೋಗುವಾಗ ಪ್ರತಿ ತಿರುವಿಗೂ ಜಲಜಾಗೆ ಪಾಠ ಹೇಳುತ್ತಿದ್ದ, "ಇಲ್ನೋಡು, ಇಳಿಜಾರು ತಪ್ಪಾಗಿ ಕೊಟ್ಟಿದಾರೆ, ನಾನಾಗಿದ್ರೆ..." ಅಂತ. ಅವಳು ಪಾಪ, ಹೂಂಗುಟ್ಟುತ್ತಿದ್ದಳು.

ಸಿಯೆರಾ ಬೆಟ್ಟಗಳಲ್ಲಿ ಒಂದು ಪುಟ್ಟ ಊರು. ಬೇಸಿಗೆಯಲ್ಲಿ ಮೀನು ಹಿಡಿಯುವವರು ಬಂದು ತುಂಬಿಕೊಳ್ಳುತ್ತಾರೆ, ಚಳಿಗಾಲದಲ್ಲಿ ಮೋಟೆಲ್ಲುಗಳಿಗೆ ಬೀಗ. ಆ ಊರಿನವರು ಸ್ನೋಮೊಬೈಲಿಗೆ ಅಂತ ಒಂದಷ್ಟು ದಾರಿ ಮಾಡಿಕೊಂಡಿದ್ದರು. ಸ್ನೋಮೊಬೈಲು ಅಂದರೆ ಮುಂದೆ ಎರಡು ಹಲಗೆ, ಹಿಂದೆ ರಬ್ಬರ್ ಪಟ್ಟಿ, ಹಿಮದ ಮೇಲೆ ಓಡುವ ಮೋಟಾರುಬೈಕು ಅಂದುಕೊಳ್ಳಿ. ಗುಡ್ಡದಾಚೆಯ ಇನ್ನೊಂದು ಊರಿಗೂ ಅಂಥವೇ ದಾರಿಗಳಿದ್ದವು. ನಡುವಿನ ಹನ್ನೊಂದು ಮೈಲಿ ಕೂಡಿಸಿಬಿಟ್ಟರೆ ಜನ ಈ ಊರಿಂದ ಆ ಊರಿಗೆ ಓಡಿಸಿಕೊಂಡು ಹೋಗಿ, ತಂಗಿ, ಮರುದಿನ ವಾಪಸು ಬರಬಹುದು. ಆ ಕೆಲಸ ಶೇಷಾದ್ರಿಯವರಿಗೆ ಬಂತು.

"ರಘೋತ್ತಮ, ಇದು ನಿಮ್ದೇ," ಅಂದರು ಶೇಷಾದ್ರಿ. "ಜನವರಿ ಕೊನೇ ಶನಿವಾರ ಇನ್‌ಸ್ಪೆಕ್ಷನ್ನು. ಪಾಸಾದ್ರೆ ಮುಂದಿನ ನಲವತ್ತು ಮೈಲಿನೂ ನಮಗೇ, ಡಿಸೈನು ನೀವೇ ಮಾಡ್ಬೋದು. ಆಗ್ಲಿಲ್ವಾ, ನಿಮ್ಮ ಟೇಬಲ್ಲು ಎಲ್ಲೂ ಹೋಗಲ್ಲ, ಅಲ್ಲೇ ಇರುತ್ತೆ."

ರಘೋತ್ತಮ ಅವತ್ತು ಮನೆಗೆ ನಡೆದುಕೊಂಡು ಬಂದನೋ ಹಾರಿಕೊಂಡು ಬಂದನೋ, ಅವನಿಗೇ ಗೊತ್ತಿಲ್ಲ!

ಸೆಪ್ಟೆಂಬರಿನಲ್ಲಿ ಹೊರಟ. ವಿಮಾನದಿಂದ ತೆಗೆದ ಫೋಟೋ ಇದೆ, ನಕ್ಷೆ ಇದೆ ಅಂತ ಶೇಷಾದ್ರಿ ಹೇಳಿದರೂ ಕೇಳಲಿಲ್ಲ. ಕಾಲಲ್ಲಿ ತುಳಿಯದ ದಾರಿ ದಾರಿಯೇ ಅಲ್ಲ ಅನ್ನುವುದು ಹಾಸನದ ಇಲಾಖೆಯಲ್ಲಿ ಮೈಗೆ ಹತ್ತಿದ ಹಟ. ನೂರಡಿಯ ಟೇಪು ಎಳೆದುಕೊಂಡು ಹನ್ನೊಂದು ಮೈಲಿ ನಡೆದ, ಪ್ರತಿ ತಿರುವಿನ ಕೋನವನ್ನೂ ಪುಸ್ತಕದಲ್ಲಿ ಬರೆದುಕೊಂಡ. ಅಲ್ಲಿಯ ಮರಗಳ ಹೆಸರು ಅವನಿಗೆ ಗೊತ್ತಿರಲಿಲ್ಲ. ಆದ್ದರಿಂದ ತನಗೆ ಗೊತ್ತಿದ್ದ ಹೆಸರಿಟ್ಟ. ಒಂದು ಮರ ಪಕ್ಕಕ್ಕೆ ವಾಲಿಕೊಂಡಿತ್ತು, ಥೇಟು ಹಾಸನದ ಆಫೀಸಿನ ಕಿಟಕಿಗೆ ಒರಗಿ ನಿದ್ದೆ ಹೊಡೆಯುತ್ತಿದ್ದ ಹೆಡ್ ಕ್ಲರ್ಕು. ಬರೆದ: ಗುರುಶಾಂತಪ್ಪ. ಎರಡು ಕೊಂಬೆ ಸೊಂಟಕ್ಕೆ ಕೈಯಿಟ್ಟಂತೆ ಬಾಗಿದ್ದ ದೈತ್ಯ ಮರಕ್ಕೆ ಹಾಸನದಲ್ಲಿ ಬಾಡಿಗೆ ಮನೆಯ ಯಜಮಾನಿಯಾಗಿದ್ದ ತಾಯಮ್ಮನ ಹೆಸರು.

ಆಮೇಲೆ ನಕ್ಷೆ ಬರೆದ. ದಾರಿಯುದ್ದಕ್ಕೂ ಮರಗಳಿಗೆ ಕಿತ್ತಳೆ ಬಣ್ಣದ ನೂರ ಅರವತ್ತು ಫಲಕ. ಎತ್ತರ? ಕಣ್ಣಿಗೆ ನೇರವಾಗಿ ಕಾಣಬೇಕಲ್ಲ, ಐದಡಿ. ಅಚ್ಚುಕಟ್ಟಾಗಿ ಬರೆದ: ನೆಲದಿಂದ ಐದಡಿ. ಶೇಷಾದ್ರಿಯವರೂ ಬಿಸಿಲಿನ ನಾಡಿನವರೇ, ಸಹಿ ಹಾಕಿದರು. ಕೂಲಿಯವರು ಅಕ್ಟೋಬರಿನಲ್ಲಿ ನಕ್ಷೆಯಲ್ಲಿ ಇದ್ದಂತೆ ಹೊಡೆದು ಹೋದರು.

ಜನವರಿಯ ಕೊನೆಯ ವಾರ, ಬುಧವಾರ, ಫೋನು ಬಂತು. ಆ ಊರಿನ ದಾರಿ ಸಮಿತಿಯ ಮುಖ್ಯಸ್ಥೆ, ಮೋಟೆಲ್ ನಡೆಸುವ ಅರವತ್ತೈದರ ಅಜ್ಜಿ.

"ನಿಮ್ಮ ಫಲಕಗಳೆಲ್ಲಿ?"

"ಮರದ ಮೇಲಿವೆಯಲ್ಲ, ಮೇಡಂ."

"ಮರ ಇವೆ. ಹತ್ತಡಿ ಹಿಮ ಬಿದ್ದಿದೆ. ಫಲಕಗಳು ಎಲ್ಲಿವೆ?"

ಹತ್ತಡಿ ಹಿಮ. ಐದಡಿ ಎತ್ತರದ ಫಲಕ. ಲೆಕ್ಕ ಮಾಡುವುದಕ್ಕೆ ಎಂಜಿನಿಯರೇ ಬೇಕಾಗಿರಲಿಲ್ಲ!

ಮನೆಯಲ್ಲಿ ಹೇಳಿದಾಗ ಜಲಜಾಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ಫಲಕ ಹೂತು ಹಾಕಿದೀರಲ್ರೀ!" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಗಂಡನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. ಎಂಟು ವರ್ಷದಲ್ಲಿ ಆ ಮುಖವನ್ನು ಅಷ್ಟು ಸಣ್ಣದಾಗಿ ಅವಳು ನೋಡಿರಲಿಲ್ಲ.

ಶೇಷಾದ್ರಿ ಫೋನಿನಲ್ಲಿ ದನಿ ತಗ್ಗಿಸಿದರು. "ಕೂಲಿಯವರು ತಪ್ಪಾಗಿ ಹೊಡೆದ್ರು ಅಂದ್ಬಿಡಿ. ಯಾರು ನಕ್ಷೆ ತೆಗೆದು ನೋಡ್ತಾರೆ?"

"ಸಾರ್, ಅವ್ರು ನಾನು ಬರ್ದಿದ್ದನ್ನೇ ಹೊಡೆದಿರೋದು."

"ನೀವು ಹರಿಶ್ಚಂದ್ರ ಆಗ್ಬೇಡಿ ಈಗ. ಇನ್‌ಸ್ಪೆಕ್ಷನ್ನಿಗೆ ಮೂರೇ ದಿನ ಇದೆ."

ಮೂರು ದಿನ ಇದೆಯಲ್ಲ! ಗುರುವಾರ ಬೆಳಿಗ್ಗೆ ಇರುವ ಮೂರು ಸ್ವೆಟರನ್ನೂ ಒಂದರ ಮೇಲೊಂದು ಹಾಕಿಕೊಂಡು, ಹಳೆ ಡಾಟ್ಸನ್ ಕಾರಿನಲ್ಲಿ ಹೊಸ ಫಲಕ, ಸುತ್ತಿಗೆ, ಟೇಪು, ಪುಸ್ತಕ ತುಂಬಿಕೊಂಡು ಹೊರಟ. ಬೆಟ್ಟದ ಬುಡದಲ್ಲಿ ಚಕ್ರಗಳಿಗೆ ಸರಪಣಿ ಕಟ್ಟಿಸಿಕೊಂಡ. ಮಧ್ಯಾಹ್ನ ಊರು ಮುಟ್ಟಿ ಕಾರಿನಿಂದ ಕಾಲಿಟ್ಟವನೇ ಮೊಣಕಾಲಿನವರೆಗೆ ಹೂತುಹೋದ. ಅಬ್ಬಬ್ಬಾ, ಏನು ಬಿಳುಪು! ಭಯ, ನಾಚಿಕೆ ಎಲ್ಲ ಒಂದು ನಿಮಿಷ ಮರೆತುಹೋಯಿತು. ಬಗ್ಗಿ ಒಂದು ಹಿಡಿ ಎತ್ತಿಕೊಂಡು ಬಾಯಿಗೇ ಹಾಕಿಕೊಂಡ.

ಅಜ್ಜಿ ನೋಡುತ್ತಲೇ ಇದ್ದಳು. "ನೀವು ಹಿಮ ನೋಡಿರಲಿಲ್ಲವೇ?"

"ಇಲ್ಲ."

ಅಜ್ಜಿ ಆಕಾಶ ನೋಡಿದಳು. ಈ ಮನುಷ್ಯನಿಂದಲೇ ತನ್ನೂರಿನ ಚಳಿಗಾಲ ಉಳಿಯಬೇಕು ಅನ್ನುವುದು ಅವಳಿಗೆ ಆಗ ಗೊತ್ತಾಯಿತು. ಸ್ನೋಮೊಬೈಲಿನ ಹಿಂದಿನ ಸೀಟು ತೋರಿಸಿದಳು.

ಹತ್ತಿ ಕೂತ. ಅಜ್ಜಿ ಒಮ್ಮೆ ಕೈ ತಿರುಗಿಸಿದ್ದೇ ತಡ, ಗಾಡಿ ಚಂಗನೆ ಹಾರಿತು. "ರಾಘವೇಂದ್ರಾ!" ಅಂತ ಕೂಗಿ ಅಜ್ಜಿಯ ಸೊಂಟ ಅವುಚಿಕೊಂಡ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕಿವಿ ಇದೆಯೋ ಇಲ್ಲವೋ ತಿಳಿಯದು. ಎರಡನೇ ಮೈಲಿಗೆ ಬರುವ ಹೊತ್ತಿಗೆ ಅವನು ಕೂಗುತ್ತಿದ್ದುದು ಹೆದರಿಕೆಯಿಂದ ಅಲ್ಲ, ಖುಷಿಯಿಂದ. ನಲವತ್ತೈದು ವಯಸ್ಸಿನ ಮನುಷ್ಯ!

ಸೆಪ್ಟೆಂಬರಿನಲ್ಲಿ ಕಂಡ ಕಾಡು ಈಗ ಇರಲೇ ಇಲ್ಲ. ಬಂಡೆ, ಪೊದೆ, ಹಳ್ಳ, ಎಲ್ಲ ಹಿಮದಡಿಗೆ ಹೋಗಿದ್ದವು. ಆದರೆ ಮರದ ತಲೆಗಳಿದ್ದವು. "ನಿಲ್ಲಿಸಿ, ನಿಲ್ಲಿಸಿ! ಗುರುಶಾಂತಪ್ಪ!" ಅಂತ ಕಿರುಚಿದ. ಅಜ್ಜಿ ಬೆಚ್ಚಿ, ಯಾರೋ ಮನುಷ್ಯರು ಸಿಕ್ಕಿಕೊಂಡಿದ್ದಾರೆ ಅಂದುಕೊಂಡು ಸುತ್ತ ನೋಡಿದಳು. ವಿಷಯ ತಿಳಿದ ಮೇಲೆ ನಗುತ್ತ ಸುತ್ತಿಗೆ ಕೊಟ್ಟಳು. ಹಿಮದ ಮೇಲೆ ನಿಂತು, ಎದೆಮಟ್ಟಕ್ಕೆ ಫಲಕ ಹೊಡೆದ. ಸಂಜೆಯೊಳಗೆ ಐದು ಮೈಲಿ ಮುಗಿಯಿತು. ಮರುದಿನ ಅಜ್ಜಿಯೇ ಒಂದೊಂದು ಮರ ತೋರಿಸಿ "ಇವರು ಯಾರು?" ಅಂತ ಕೇಳತೊಡಗಿದಳು.

ಶುಕ್ರವಾರ ಮಧ್ಯಾಹ್ನ ತಾಯಮ್ಮನ ಮರ ಸಿಕ್ಕಿತು. ಅಲ್ಲಿಂದ ಮುಂದೆ ಮರಗಳೇ ಇಲ್ಲದ ಬಯಲು. ನಡುವೆ ಒಂದು ತೊರೆ, ತೊರೆಗೆ ಇರುವುದು ಒಂದೇ ಹಲಗೆಸೇತುವೆ, ಎರಡೂ ಹಿಮದಡಿಗೆ. ಸೇತುವೆ ಬಿಟ್ಟು ಬೇರೆ ಕಡೆ ದಾಟಿದರೆ ಗಾಡಿ ಮನುಷ್ಯರ ಸಮೇತ ಕುಸಿದು ನೀರಿಗೆ. ಸೇತುವೆ ಸಿಗದಿದ್ದರೆ ಹಿಂದಿನ ಎಂಟು ಮೈಲಿಯೂ ವ್ಯರ್ಥ.

ಪುಸ್ತಕ ತೆಗೆದ. ತಾಯಮ್ಮನಿಂದ ಸೇತುವೆಗೆ ಇಪ್ಪತ್ತಮೂರು ಟೇಪು, ಕೋನ ಇಷ್ಟು. ಅಜ್ಜಿ ಒಂದು ತುದಿ, ಇವನು ಇನ್ನೊಂದು ತುದಿ, ದಿಕ್ಸೂಚಿ ನೋಡಿಕೊಂಡು ಹೂತು ಏಳುತ್ತ ಇಪ್ಪತ್ತಮೂರು ಸಲ ಅಳೆದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ತುದಿ ಅಜ್ಜಿಯ ಕೈಗೆ ಕೊಟ್ಟು, ಉದ್ದನೆಯ ಕಬ್ಬಿಣದ ಸಲಾಕೆ ಚುಚ್ಚಿದ. ಹಿಮ. ಇನ್ನೊಂದು ಕಡೆ ಚುಚ್ಚಿದ. ಹಿಮ. ಆರನೇ ಸಲವೂ ಹಿಮವೇ. ಏಳನೇ ಸಲ ಸಲಾಕೆ ಇಳಿಯಿತು, ಇಳಿಯಿತು, ಠಕ್!

ಒಂದಡಿ ಆಚೆಗೆ ಚುಚ್ಚಿದ. ಠಕ್! ಇನ್ನೊಂದಡಿ. ಠಕ್! ಹಲಗೆ! ಹಗ್ಗ ಸೊಂಟದಲ್ಲಿರುವಾಗಲೇ ರಘೋತ್ತಮ ಕುಣಿದೇಬಿಟ್ಟ. ಅಜ್ಜಿ ಹಗ್ಗ ಎಳೆದು ಅವನನ್ನು ಬೀಳಿಸಿ, ತಾನೂ ಪಕ್ಕದಲ್ಲಿ ಬಿದ್ದು ನಕ್ಕಳು. ಬಯಲಿನುದ್ದಕ್ಕೂ ಕೋಲು ನೆಟ್ಟು, ಆಚೆ ಕಡೆಯ ಮರಗಳಿಗೂ ಫಲಕ ಹೊಡೆದು ಹಿಂತಿರುಗಿದರು. ಬರುವಾಗ ಗಾಡಿ ಓಡಿಸಿದವನು ಅವನೇ.

ಶನಿವಾರ ಅರಣ್ಯ ಇಲಾಖೆಯ ಅಧಿಕಾರಿ ಬಂದು ಹನ್ನೊಂದು ಮೈಲಿಯೂ ಓಡಿಸಿ ನೋಡಿದ. ಫಲಕದಿಂದ ಫಲಕಕ್ಕೆ, ಒಂದು ಕಡೆಯೂ ತಡವರಿಸಲಿಲ್ಲ. ಊರಿನ ಸಭಾಂಗಣದಲ್ಲಿ ಎಲ್ಲರೂ ಸೇರಿದರು, ಶೇಷಾದ್ರಿಯವರೂ ಫ್ರೀಮಾಂಟಿನಿಂದ ಬಂದಿದ್ದರು. ಎಲ್ಲ ಮುಗಿಯಿತು ಅನ್ನುವಾಗ ಅಧಿಕಾರಿ ನಕ್ಷೆ ಬಿಚ್ಚಿದ.

"ಇಲ್ಲಿ ನೆಲದಿಂದ ಐದಡಿ ಅಂತಿದೆ. ಅಂದರೆ ಇನ್ನೊಂದು ಸಾಲು ಫಲಕ ನಮ್ಮ ಕಾಲ ಕೆಳಗಿದೆ. ಇದನ್ನು ಬರೆದವರು ಯಾರು?"

ಶೇಷಾದ್ರಿ ಕಿಟಕಿ ಕಡೆ ತಿರುಗಿಕೊಂಡರು. ರಘೋತ್ತಮ ಎದ್ದು ನಿಂತ.

"ನಾನೇ. ಗುರುವಾರದವರೆಗೆ ನಾನು ಹಿಮದ ಮೇಲೆ ಕಾಲಿಟ್ಟಿರಲಿಲ್ಲ. ಕೂಲಿಯವರದೇನೂ ತಪ್ಪಿಲ್ಲ."

ಅಧಿಕಾರಿ ಅವನನ್ನೇ ನೋಡಿದ. "ಮುಂದಿನದು ನಲವತ್ತು ಮೈಲಿ. ಆ ನಕ್ಷೆಯಲ್ಲಿ ಎಷ್ಟು ಅಡಿ ಬರೆಯುತ್ತೀರಿ?"

"ಬರೆಯುವುದಿಲ್ಲ. ಸೆಪ್ಟೆಂಬರಿನಲ್ಲಿ ನಡೆಯುತ್ತೇನೆ, ಜನವರಿಯಲ್ಲಿ ಬಂದು ಹಿಮದ ಮೇಲೆ ನಿಂತು ಅಳೆಯುತ್ತೇನೆ. ಆಮೇಲೆ ಬರೆಯುತ್ತೇನೆ."

ಮೊದಲು ಮೇಜು ಗುದ್ದಿದವಳು ಮೋಟೆಲ್ ಅಜ್ಜಿ. "ನನಗೆ ಈ ಮನುಷ್ಯನೇ ಬೇಕು!" ಅಂದಳು. ಅಧಿಕಾರಿ ಪೆನ್ನು ತೆಗೆದು, ದಾರಿ ತೆರೆಯಬಹುದು ಎಂದು ಸಹಿ ಹಾಕಿದ. ಶೇಷಾದ್ರಿ ಕಿಟಕಿಯಿಂದ ಈಚೆ ತಿರುಗಿ, ಗಂಟಲು ಸರಿಮಾಡಿಕೊಂಡು, "ನಲವತ್ತು ಮೈಲಿಯ ಡಿಸೈನು ಮಿಸ್ಟರ್ ರಘೋತ್ತಮ ಅವರದೇ," ಎಂದು ಎಲ್ಲರೆದುರು ಹೇಳಿದರು.

ಮೋಟೆಲ್ಲಿನ ಫೋನಿನಿಂದ ಯೂನಿಯನ್ ಸಿಟಿಗೆ ಕರೆ ಮಾಡಿದ. ಜಲಜಾ ಒಂದೇ ರಿಂಗಿಗೆ ಎತ್ತಿದಳು.

"ಏನಾಯ್ತು ರೀ? ಹೇಳ್ರೀ ಬೇಗ!"

"ನಲವತ್ತು ಮೈಲಿ ಕಣೇ."

"ಏನು ನಲವತ್ತು ಮೈಲಿ?"

"ನಂದು ಕಣೇ! ಬೇರೆಯವರ ಗೆರೆ ಅಲ್ಲ, ನಾನೇ ಹಾಕೋ ದಾರಿ!" ಅಂದ. ಅತ್ತಲಿಂದ ಜಲಜಾ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.