ನಾಲ್ಕು ಸ್ವರದ ಚೌಕಾಶಿ

ಸ್ಕಾರ್‌ಬರೋದ ನನ್ನ ಟೈಲ್ಸ್ ಅಂಗಡಿಗೆ ಬಂದವರಿಗೆ ನಾನು ಪುಕ್ಕಟೆ ಕೊಡುವ ಸಲಹೆ ಒಂದೇ: ಮಾಲನ್ನು ಬಿಡಿಸಿ ನೋಡಿ, ಒಳಗೆ ಎಷ್ಟಿದೆಯೋ ಅಷ್ಟಕ್ಕೇ ಬೆಲೆ ಕಟ್ಟಿ. ಇದೇ ಸಲಹೆಯನ್ನು ಸಂಗೀತಕ್ಕೂ ಹಚ್ಚಲು ಹೋಗಿ ಒಮ್ಮೆ ಪೇಚಿಗೆ ಬಿದ್ದೆ.

೨೦೧೭ರ ವಸಂತ ಇರಬೇಕು. ಹದಿನಾಲ್ಕು ವರ್ಷದ ಮಗಳು ಮಕ್ಕಳ ಆರ್ಕೆಸ್ಟ್ರಾ ಒಂದಕ್ಕೆ ಆಡಿಷನ್ ಕೊಡುವವಳಿದ್ದಳು. ಹಿಂದಿನ ವರ್ಷ ಆಯ್ಕೆಯಾಗಿರಲಿಲ್ಲ. ಈ ಸಲವೂ ಆಗದಿದ್ದರೆ ವಯಲಿನ್ ಬಿಟ್ಟೇಬಿಡುವುದಾಗಿ ಹೇಳಿಯಾಗಿತ್ತು. ಅವಳು ಹೇಳಿದ್ದನ್ನು ಮಾಡುವ ಪೈಕಿ. ಅವಳು ಆರಿಸಿದ್ದು ಬರೋಕ್ ಕಾಲದ, ಅಂದರೆ ಮುನ್ನೂರು ವರ್ಷ ಹಿಂದಿನ ಯುರೋಪಿನ, ಶಕೋನ್ ಎಂಬ ಬಗೆಯ ಒಂದು ರಚನೆ. ಅದರ ಕಟ್ಟು ಬಹಳ ಸರಳ. ಕೆಳಗೆ ಚೆಲ್ಲೊ ಎಂಬ ದೊಡ್ಡ ವಾದ್ಯ ಮೆಟ್ಟಿಲು ಇಳಿದ ಹಾಗೆ ನಾಲ್ಕು ಸ್ವರ ನುಡಿಸುತ್ತದೆ. ಮತ್ತೆ ಅವೇ ನಾಲ್ಕು. ಮತ್ತೆ ಅವೇ. ಮೇಲೆ ವಯಲಿನ್ ಮಾತ್ರ ಪ್ರತಿ ಸುತ್ತಿಗೂ ಹೊಸದೇನನ್ನೋ ಹೇಳುತ್ತ ಹೋಗುತ್ತದೆ.

ಚೆಲ್ಲೊ ನುಡಿಸಲು ಹತ್ತಿರದ ಯೂನಿಯನ್‌ವಿಲ್‌ನಲ್ಲಿದ್ದ ನಿವೃತ್ತ ಶಿಕ್ಷಕಿಯೊಬ್ಬರನ್ನು ಮಗಳ ಟೀಚರ್ ಸೂಚಿಸಿದರು. ಆಕೆ ತಮ್ಮ ಫೀ ಹೇಳಿದಾಗ ನಾನು ಸ್ವರ ಬರೆದ ಹಾಳೆ ತಿರುವಿ ನೋಡಿದೆ. ಮಗಳ ಸಾಲಿನಲ್ಲಿ ಇರುವೆ ಹರಿದಾಡಿದಷ್ಟು ಸ್ವರ. ಆಕೆಯ ಸಾಲಿನಲ್ಲಿ ಮೊದಲಿಂದ ಕೊನೆವರೆಗೂ ಅವೇ ನಾಲ್ಕು. ಇಡೀ ಹಾಡಿನ ರೇಟು ಹೇಗೆ ಹಿಡಿಯುತ್ತೀರಿ, ನಾಲ್ಕು ಸ್ವರದ ರೇಟು ಹಿಡಿಯಿರಿ ಎಂದೆ. ಆಕೆ ಬೇಸರ ಮಾಡಿಕೊಳ್ಳಲಿಲ್ಲ. ನಾಲ್ಕೇ ಅಲ್ಲವೇ, ಹಾಗಾದರೆ ನೀವೇ ನುಡಿಸಿ ನೋಡಿ ಎಂದು ಚಹಾ ಕೊಟ್ಟು ಕಳಿಸಿದರು.

ನಾನು ಸುಮ್ಮನೆ ಬಿಡುವವನೇ? ಹುಬ್ಬಳ್ಳಿಯಲ್ಲಿ ಸೋದರಮಾವ ತಬಲಾ ಸೋಲೋ ಬಾರಿಸುವಾಗ ಪೇಟಿಯ ಮೇಲೆ ಲೆಹರಾ ಹಿಡಿಯುತ್ತಿದ್ದವನು ನಾನು. ಅಲ್ಲಿಯೂ ಇದೇ ವ್ಯವಹಾರ: ತಬಲಾ ಬೇಕಾದ ಆಟ ಆಡಲಿ, ಹಾರ್ಮೋನಿಯಂ ಮಾತ್ರ ಒಂದೇ ಧುನ್ ತಿರುಗಿಸುತ್ತಿರಬೇಕು. ಬೇಸ್‌ಮೆಂಟಿನಿಂದ ಪೇಟಿ ತಂದು, ಧೂಳು ಒರೆಸಿ, ಮಗಳ ಎದುರು ಕೂತೆ. ಹೆಂಡತಿ ಅಡುಗೆಮನೆಯಿಂದಲೇ ಅಂದಳು: “ನಾಕ ಸ್ವರಕ್ಕ ಚೌಕಾಶಿ ಮಾಡಿ ಬಂದೀರಿ. ಈಗ ಆ ನಾಕರೆ ಸಂಬಾಳಸ್ರಿ.”

ಒಟ್ಟು ಮೂವತ್ತೆರಡು ಸುತ್ತು. ಹನ್ನೊಂದನೆಯದಕ್ಕೇ ಮಗಳು ಬಿಲ್ಲು ಕೆಳಗಿಳಿಸಿದಳು.

“ಅಪ್ಪಾ, ಯಾಕ್ ರಶ್ ಮಾಡ್ತಿ?”

“ರಶ್ ಅಲ್ಲವ್ವಾ, ಲಯಾ ಏರಸ್ಬೇಕು. ಇಲ್ಲಾಂದ್ರ ರಂಗ ಬರೂದಿಲ್ಲ.”

“ನೋ. ಯು ಸ್ಟೇ. ಚೇಂಜ್ ಮಾಡೋದು ನಾನು.”

ಮತ್ತೆ ಹಿಡಿದೆವು. ಈ ಸಲ ಒಂಬತ್ತಕ್ಕೇ ನಿಂತಿತು. ಗಟ್ಟಿಯಾಗಿ ಹಲ್ಲು ಕಚ್ಚಿ ಕೂತರೂ, ವಯಲಿನ್ ಜೋರಾದ ಕೂಡಲೇ ನನ್ನ ಬೆರಳು ಅದರ ಹಿಂದೆ ಓಡುತ್ತಿದ್ದವು. ಇದು ನಮ್ಮ ಪದ್ಧತಿಯ ಗುಣವೋ ನನ್ನ ದೋಷವೋ ತಿಳಿಯಬೇಕೆನಿಸಿ ಭಾನುವಾರ ಬೆಳಿಗ್ಗೆ ಮಾವನಿಗೆ ಫೋನ್ ಹಚ್ಚಿದೆ. ಲೆಹರಾದಲ್ಲಿ ಲಯ ಏರಿಸುವವರು ಯಾರು ಎಂದು ಕೇಳಿದೆ.

“ತಬಲಾದಾಂವ,” ಅಂದ ಮಾವ. “ನೀ ಮೊದಲಿಂದನೂ ನನ್ನ ಮುಂದ ಓಡ್ತಿದ್ದಿ. ಅಕ್ಕನ ಮಗಾ ಅಂತ ಸುಮ್ಮನಿದ್ದೆ.”

ಇಪ್ಪತ್ತೈದು ವರ್ಷ ಬಚ್ಚಿಟ್ಟಿದ್ದ ಮಾತನ್ನು ಅಷ್ಟು ಸಲೀಸಾಗಿ ಹೇಳಿ, ಮಳೆ ಬೆಳೆ ವಿಚಾರಿಸಿ ಫೋನ್ ಇಟ್ಟ.

ಅಂದು ಸಂಜೆಯೇ ಯೂನಿಯನ್‌ವಿಲ್‌ಗೆ ಹೋದೆ. ಎಷ್ಟು ಸುತ್ತು ತಾಳಿದಿರಿ ಎಂದು ಆಕೆ ಕೇಳಿದರು. ಹನ್ನೊಂದು ಎಂದೆ. ಪರವಾಗಿಲ್ಲ, ಚೆನ್ನಾಗಿಯೇ ತಾಳಿದಿರಿ ಎಂದರು. ಮೊದಲು ಹೇಳಿದ ಫೀಗೆ ಒಪ್ಪಿ ಬಂದೆ. ಆಮೇಲೆ ಪ್ರತಿ ಅಭ್ಯಾಸಕ್ಕೂ ಮೂಲೆಯ ಕುರ್ಚಿಯಲ್ಲಿ ಕೂತು ಆಕೆಯ ಬಲಗೈಯನ್ನೇ ನೋಡುತ್ತಿದ್ದೆ. ಸ್ವರ ಅವೇ ನಾಲ್ಕು, ವೇಗ ಅದೇ. ಆದರೆ ಮಗಳು ಮೆಲ್ಲಗಾದಾಗ ಬಿಲ್ಲು ಹಗುರಾಗುತ್ತಿತ್ತು, ಅವಳು ಏರಿದಾಗ ತಂತಿಯ ಮೇಲೆ ಭಾರ ಬೀಳುತ್ತಿತ್ತು. ಹಾಳೆಯಲ್ಲಿ ಇದ್ಯಾವುದೂ ಬರೆದಿರಲಿಲ್ಲ.

ಆಡಿಷನ್ ದಿನ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಬೆರಳ ಗೆಣ್ಣಿನ ಮೇಲೆ ಸುತ್ತು ಎಣಿಸುತ್ತ ನಿಂತೆ. ಹತ್ತೊಂಬತ್ತನೆಯದರಲ್ಲಿ ವಯಲಿನ್ ತಡವರಿಸಿ ನಿಂತುಹೋಯಿತು. ಒಳಗೆ ಚೆಲ್ಲೊ ಒಂದೇ ಹೋಗುತ್ತಿತ್ತು, ಏನೂ ಆಗದವರ ಹಾಗೆ, ಒಂದು, ಎರಡು, ಮೂರು, ನಾಲ್ಕು. ಮುಂದಿನ ಸುತ್ತಿನ ಮೊದಲ ಸ್ವರಕ್ಕೆ ಸರಿಯಾಗಿ ಮಗಳು ಮತ್ತೆ ಸೇರಿಕೊಂಡಳು. ಕೊನೆವರೆಗೂ ಬಿಡಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ನಾನು ಚೆಲ್ಲೊ ಶಿಕ್ಷಕಿಯನ್ನು ಕೇಳಿದೆ: ಅವಳು ತಪ್ಪಿದಾಗ ನೀವೂ ಒಂದು ಕ್ಷಣ ನಿಂತು ಅವಳಿಗಾಗಿ ಕಾಯಬಹುದಿತ್ತಲ್ಲ?

“ನಾನೂ ನಿಂತಿದ್ದರೆ,” ಎಂದರು ಆಕೆ ತಮ್ಮ ಇಂಗ್ಲಿಷಿನಲ್ಲಿ, “ಅವಳು ಮರಳಿ ಬರೋದು ಎಲ್ಲಿಗೆ?”

ಎರಡು ವಾರಕ್ಕೆ ಇಮೇಲ್ ಬಂತು. ಮಗಳಿಗೆ ಸೆಕೆಂಡ್ ವಯಲಿನ್‌ಗಳ, ಅಂದರೆ ಮುಖ್ಯ ಧಾಟಿಗೆ ಕೆಳಗಿನಿಂದ ಆಸರೆ ಕೊಡುವವರ, ಕೊನೆಯ ಸಾಲಿನಲ್ಲಿ ಕುರ್ಚಿ ಸಿಕ್ಕಿತ್ತು.