ಗೋಡೆಯ ಮೇಲಿನ ಆರಡಿ ಬಟನ್

ಕಾಲ್ಡರ್ ಬೆಂಡ್ ಹೈಸ್ಕೂಲಿನ ಗೋಡೆಗೆ ತನ್ನ ಚಿತ್ರ ಬರೆಸುತ್ತಾರೆಂದು ಗೊತ್ತಾದಾಗ ಬಟನ್ ಟಿಬ್ಸ್ ಕೇಳಿಕೊಂಡದ್ದು ಒಂದೇ. "ನಾನೆಷ್ಟಿದ್ದೀನೋ ಅಷ್ಟೇ ಬರೀರಿ." ಅಷ್ಟನ್ನೂ ನಡೆಸಿಕೊಡಲು ಊರಿಗೆ ಆಗಲಿಲ್ಲ. ಚಿತ್ರದ ಬಟನ್ ಆರಡಿ ದಾಟಿ, ಎದೆ ಸೆಟೆಸಿಕೊಂಡು, ಚೆಂಡನ್ನು ಬಗಲಲ್ಲಿ ಅವುಚಿ ಓಡುತ್ತಿದ್ದ. ನಿಜವಾದ ಬಟನ್ ಅವನ ಗದ್ದದ ಮಟ್ಟಕ್ಕೆ ಬರುತ್ತಿದ್ದ.

"ಇವನ್ಯಾರು ಹಾರ್ಲನ್ನೋರೆ?" ಎಂದು ಕೇಳಿದ.

ಹಾರ್ಲನ್ ಸ್ಟಬಲ್‌ಫೀಲ್ಡ್ ಊರಿನ ಟೈರ್ ಅಂಗಡಿಯವನು, ಶಾಲೆಯ ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟದ, ಅಭಿಮಾನಿ ಸಂಘದ ಅಧ್ಯಕ್ಷ. ಜನ್ಮದಲ್ಲಿ ಒಮ್ಮೆಯೂ ಚೆಂಡು ಹಿಡಿದು ಓಡದವನು. ಆದ್ದರಿಂದಲೇ ಆಟದ ವಿಷಯದಲ್ಲಿ ಅವನದೇ ಕೊನೆಯ ಮಾತು.

"ನೀನೇ ಕಣಪ್ಪಾ! ಇದ್ದ ಹಾಗೇ ಬರೆಸಿದ್ರೆ ಪಕ್ಕದೂರಿನೋರು ನಗಲ್ವಾ? ಕುಳ್ಳರನ್ನ ಹೆರೋ ಊರು ಅನ್ನಲ್ವಾ?"

ಇದೇ ಮಹಾನುಭಾವ ಹಿಂದೆ ಶಾಲೆಯ ಮೈದಾನದಲ್ಲಿ ಬಟನ್‌ನನ್ನು ನೋಡಿ, "ಇವನ ಕೈಗೆ ನೀರಿನ ಬಾಟ್ಲಿ ಕೊಡಿ, ಚೆಂಡು ಕೊಟ್ರೆ ಚೆಂಡೇ ಇವನನ್ನ ಹೊತ್ಕೊಂಡು ಓಡುತ್ತೆ" ಎಂದಿದ್ದ. ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅಂಗಿಯ ಗುಂಡಿಯಷ್ಟಿದ್ದಾನೆಂದು ಬಟನ್ ಎಂಬ ಹೆಸರು ಬಿದ್ದದ್ದೂ ಆಗಲೇ. ತಾಯಿ ಇಟ್ಟ ಕಾರ್ನೆಲ್ ಎಂಬ ಹೆಸರು ಚರ್ಚಿನವರಿಗೂ ಮರೆತುಹೋಯಿತು.

ಕಾಲೇಜಿನಲ್ಲಿ ನಾಲ್ಕು ವರ್ಷ ಎಲ್ಲರ ಕಂಕುಳಡಿಯಿಂದ ನುಸುಳಿ ಓಡಿ ಹೆಸರು ಮಾಡಿದ ಮೇಲೆ, ಸಂಬಳ ಕೊಡುವ ದೊಡ್ಡ ತಂಡಗಳವರು ಅವನನ್ನು ಅಳತೆಗೆ ಕರೆದರು. ಸಂತೆಯ ಎತ್ತಿನಂತೆ ಹುಡುಗರನ್ನು ಚಡ್ಡಿಯಲ್ಲಿ ನಿಲ್ಲಿಸಿ ಎತ್ತರ, ತೂಕ, ಅಂಗೈ ಎಲ್ಲ ಅಳೆಯುವ ಮರ್ಯಾದಸ್ಥರ ಕೆಲಸ ಅದು. ತಾಯಿಯ ತಮ್ಮ ಲೂಷಸ್ ಹೆಣದ ಗಾಡಿಯ ಡ್ರೈವರು. ಅವನೊಂದು ಉಪಾಯ ಹೇಳಿದ.

"ರಾತ್ರಿಯೆಲ್ಲಾ ಮಲಗಿ ಎದ್ದೋನು ಅರ್ಧ ಅಂಗುಲ ಉದ್ದ ಇರ್ತಾನೆ ಕಣೋ. ನಿಂತ್ರೆ ಕುಸೀತಾನೆ. ಅಲ್ಲೀವರೆಗೂ ನನ್ನ ಗಾಡೀಲಿ ಮಲಗ್ಕೊಂಡೇ ಬಾ."

"ಹೆಣದ ಜಾಗದಲ್ಲಾ ಮಾವ?"

"ಅಲ್ಲಿ ಮಲಗಿದೋರು ಯಾರೂ ಇಲ್ಲೀತನಕ ಕುಸಿದಿಲ್ಲ."

ಹಾಗೆ ಬಟನ್ ಹೊರಟ. ಎದುರು ಬಂದ ವಾಹನಗಳೆಲ್ಲ ನಮ್ಮ ಕಡೆಯ ಪದ್ಧತಿಯಂತೆ ಸತ್ತವರಿಗೆ ಗೌರವವೆಂದು ರಸ್ತೆಯ ಅಂಚಿಗೆ ಸರಿದು ನಿಂತವು. ಗಾಜಿನಾಚೆ ಹಾರ್ಲನ್ ತನ್ನ ಲಾರಿಯಿಂದಿಳಿದು, ಟೋಪಿಯನ್ನು ಎದೆಗೊತ್ತಿ, ತಲೆ ತಗ್ಗಿಸಿ ನಿಂತದ್ದು ಮಲಗಿದ್ದವನಿಗೆ ಕಂಡಿತು. ಆ ಮನುಷ್ಯ ಅವನಿಗೆ ಮರ್ಯಾದೆ ಕೊಟ್ಟದ್ದು ಅದೇ ಮೊದಲು.

ಅಷ್ಟೆಲ್ಲ ಮಾಡಿದರೂ ಅಳೆಯುವವನು ಇಡೀ ಹಾಲಿಗೆ ಕೇಳುವಂತೆ ಕೂಗಿದ: "ಐದಡಿ ಆರು! ತಮ್ಮಾ, ರೇಸಿನ ಕುದುರೆ ಸವಾರರನ್ನ ಅಳೆಯೋದು ಪಕ್ಕದ ಊರಲ್ಲಿ." ಆಟಗಾರರನ್ನು ಆರಿಸುವ ದಿನ ಯಾವ ತಂಡವೂ ಅವನ ಹೆಸರು ಕರೆಯಲಿಲ್ಲ. ಕೊನೆಗೆ ಆಟಗಾರರ ಕಾಲು ಮುರಿದು ಕಂಗಾಲಾಗಿದ್ದ ತಂಡವೊಂದು ಬೇಸಿಗೆಯಲ್ಲಿ ಕರೆಸಿಕೊಂಡಿತು. ಅಲ್ಲಿನ ಪುಸ್ತಿಕೆಯಲ್ಲಿ ಅವನ ಎತ್ತರ ಐದಡಿ ಎಂಟು ಎಂದು ಅಚ್ಚಾಗಿತ್ತು. ಹೆಣದಂತೆ ಮಲಗಿ ಬಂದರೂ ಸಿಗದ ಅಂಗುಲಗಳನ್ನು ಆಫೀಸಿನವನೊಬ್ಬ ಪೆನ್ನಿನ ತುದಿಯಿಂದ ದಯಪಾಲಿಸಿದ್ದ.

ತರಬೇತುದಾರನಿಗೆ ಅವನ ಓಟದ ಮೇಲೆ ಆಸೆಯೇ ಇರಲಿಲ್ಲ. "ಓಡೋರು ಬೀದಿಗೊಬ್ಬರು ಸಿಗ್ತಾರೆ," ಎಂದ. "ನಮ್ಮ ಚೆಂಡು ಎಸೆಯೋನ ಮೇಲೆ ಗೂಳಿ ಥರ ನುಗ್ಗಿ ಬರ್ತಾರಲ್ಲ, ಅವರ ಎದುರು ನಿಂತ್ಕೋತೀಯಾ? ಜಾಗ ಬಿಡದೆ?"

ಮೊದಲ ದಿನ ಬಟನ್ ಚಿಂದಿಯಾದ. ಸಂಜೆ ಐಸು ತುಂಬಿದ ತೊಟ್ಟಿಯಲ್ಲಿ ಕೂತು ಯೋಚಿಸಿದ. ಮಾರನೆಯ ದಿನ ಮೊಣಕಾಲು ಬಗ್ಗಿಸಿ, ಎದುರಾಳಿಯ ಕೈಗಳ ಕೆಳಗೆ ಹೋಗಿ, ಪಕ್ಕೆಲುಬಿಗೆ ಭುಜ ಕೊಟ್ಟು ಮೇಲಕ್ಕೆತ್ತಿದ. ಎರಡಾಳಿನ ತೂಕದವನು ಅಂಗಾತ ಬಿದ್ದು ಆಕಾಶ ನೋಡಿದ. ಬಟನ್ ಇನ್ನೆರಡು ಅಂಗುಲ ಎತ್ತರವಿದ್ದಿದ್ದರೆ ಅವರ ಕೈಗೆ ಸಿಕ್ಕಿ ಹಣ್ಣುಗಾಯಿಯಾಗುತ್ತಿದ್ದ.

ಪ್ರತಿ ಆಗಸ್ಟಿನಲ್ಲಿ ಬೇಡವಾದವರ ಬಾಗಿಲು ತಟ್ಟಲು ಆಫೀಸಿನಿಂದ ಒಬ್ಬ ಬರುತ್ತಿದ್ದ. ಎತ್ತರದವರು, ಚೆಲುವರು, ಜಿಂಕೆಯಂತೆ ಓಡುವವರು ಗಂಟುಮೂಟೆ ಕಟ್ಟಿದರು. ಬಟನ್ ಏಳು ವರ್ಷ ಉಳಿದ. ಓಡುವವನೆಂದು ಹೆಸರು, ನಿಲ್ಲುವುದು ಕೆಲಸ. ಟೀವಿಯಲ್ಲಿ ಹರಟುವ ಪಂಡಿತರಿಗೆ ಇದು ತಲೆಗೆ ಹೋಗಲೇ ಇಲ್ಲ. "ಸಣ್ಣ ದೇಹ, ದೊಡ್ಡ ಹೃದಯ" ಎಂದು ವಾರವಾರವೂ ಕಣ್ಣೊರೆಸಿಕೊಂಡರು. ಅದನ್ನು ಕೇಳಿದರೆ ಬಟನ್‌ಗೆ ಮೈಯೆಲ್ಲ ಉರಿಯುತ್ತಿತ್ತು.

"ಹೃದಯವೂ ಅಲ್ಲ, ಮಣ್ಣೂ ಅಲ್ಲ ಮಾವ. ಮೊಣಕಾಲು," ಎಂದು ಫೋನಿನಲ್ಲಿ ಬೈಯುತ್ತಿದ್ದ.

ಎಂಟನೆಯ ಆಗಸ್ಟಿನಲ್ಲಿ ಅದೇ ಮೊಣಕಾಲು ಕೈಕೊಟ್ಟಿತು, ಬಾಗಿಲು ತಟ್ಟಿದ ಸದ್ದಾಯಿತು. ಊರಿಗೆ ಮರಳಿದವನು ಈಗ ಮಾವನ ಜೊತೆ ಅದೇ ಗಾಡಿ ಓಡಿಸುತ್ತಾನೆ.

ಚಿತ್ರದ ಪರದೆ ಸರಿಸುವ ದಿನ ಊರಿಗೆ ಊರೇ ಸೇರಿತು. ಹುರಿದ ಮೀನು, ಸಿಹಿ ಚಹಾ, ಬ್ಯಾಂಡು. ಹಾರ್ಲನ್ ಮೈಕು ಹಿಡಿದು, "ಈ ಹುಡುಗನನ್ನ ಮೊದಲ ದಿನವೇ ಗುರುತಿಸಿದೋನು ನಾನು!" ಎಂದ. ಅಂದು ಹೊಟ್ಟೆ ಹಿಡಿದು ನಕ್ಕವರೇ ಚಪ್ಪಾಳೆ ತಟ್ಟಿದರು. ಬಟನ್‌ಗೆ ಒಂದು ಮಾತನಾಡಲೂ ಹೇಳಲಿಲ್ಲ. ಮೈಕಿನ ಕಂಬ ಅವನಿಗೆ ಎತ್ತರವಾಯಿತಂತೆ.

ಅವನು ದುಡಿದು ತಿಂದದ್ದು ಆ ಕುಳ್ಳತನದಿಂದ. ಅದನ್ನೇ ಇವರು ಬಣ್ಣ ಬಳಿದು ಅಳಿಸಿದ್ದರು. ಕುಂಟುತ್ತ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತ.

ಪಕ್ಕದೂರಿನ ಹೆಂಗಸೊಬ್ಬಳು ಮಕ್ಕಳಿಗೆ ತೋರಿಸಲು ಫೋನೆತ್ತಿ ಹಿಡಿದಿದ್ದಳು. ಮುಖ ಸಿಂಡರಿಸಿದಳು.

"ಅಣ್ಣಾ, ಸ್ವಲ್ಪ ಪಕ್ಕಕ್ಕೆ ಸರೀರಿ. ಬಟನ್ ಟಿಬ್ಸ್ ಕಾಣ್ತಿಲ್ಲ."

ಹಾರ್ಲನ್ ದೂರದಿಂದ ಪಕ್ಕಕ್ಕೆ ಹೋಗೆಂದು ಕೈಸನ್ನೆ ಮಾಡಿದ. ಲೂಷಸ್ ಮಾತ್ರ ಟೋಪಿ ತೆಗೆದು ಎದೆಗೊತ್ತಿಕೊಂಡ.

ಬಟನ್ ನೋಯುವ ಮೊಣಕಾಲನ್ನೂ ಸೇರಿಸಿ ಎರಡನ್ನೂ ಬಗ್ಗಿಸಿದ. ಪಾದ ಅಗಲಿಸಿ ಊರಿದ. ಇದ್ದದ್ದಕ್ಕಿಂತ ಇನ್ನೂ ಗಿಡ್ಡನಾದ.

"ತೆಗೀರಮ್ಮಾ, ಕಾಣ್ತಿದ್ದಾನೆ," ಎಂದ. ಜಾಗ ಬಿಡಲಿಲ್ಲ.